ಅಲರ್ಜಿಗೆ ಹೆಸರಿಟ್ಟ ವೈದ್ಯ: ಕ್ಲೆಮೆನ್ಸ್ ಫಾನ್ ಪಿರ್ಕೇ

ಕೆಲವು ಮಾತುಗಳು ಪರದೇಶದಿಂದ ಬಂದು ನಮ್ಮ ಮನೆಮಾತೇ ಆಗಿಬಿಡುತ್ತವೆ. ಅಲರ್ಜಿ ಎಂಬುದು ಅಂಥದೊಂದು. ಗಾಂಧಿ ಬಜಾರಿನಲ್ಲಿ ತರಕಾರಿ ಕೊಳ್ಳುವ ಅಜ್ಜಿಯೂ, ಮಲ್ಲೇಶ್ವರದಲ್ಲಿ ಬಸ್ಸಿಗೆ ಕಾಯುವ ಶಾಲೆಯ ಹುಡುಗಿಯೂ ಅದನ್ನು ಸಲೀಸಾಗಿ ಆಡುತ್ತಾರೆ. ಈ ಮಾತು ಬರುವ ಮೊದಲೂ ನಮ್ಮವರಿಗೆ ಆ ಅನುಭವವಿತ್ತು. ಬದನೆಕಾಯಿ ನಂಜು ಎನ್ನುತ್ತಿದ್ದರು. ಇಂಥದು ಮೈಗೆ ಒಗ್ಗದು ಎನ್ನುತ್ತಿದ್ದರು. ಮೈಮೇಲೆ ಪಿತ್ತದ ಗಂಧೆ ಎದ್ದಿತು, ದೂಳು ಸೋಕಿದರೆ ಉಬ್ಬಸ ಏಳುತ್ತದೆ ಎನ್ನುತ್ತಿದ್ದರು. ಇವೆಲ್ಲ ಬೇರೆ ಬೇರೆ ಕಷ್ಟಗಳಲ್ಲ, ಒಂದೇ ಮೂಲದ ಕವಲುಗಳು ಎಂದು ಕಂಡು, ಆ ಮೂಲಕ್ಕೆ ಹೆಸರಿಟ್ಟವನು ವಿಯೆನ್ನಾ ನಗರದ ಒಬ್ಬ ಮಕ್ಕಳ ವೈದ್ಯ. ಆತನೇ ಕ್ಲೆಮೆನ್ಸ್ ಫಾನ್ ಪಿರ್ಕೇ.

ಬೆಂಗಳೂರಿನವರು ಈತನ ಜೀವನವನ್ನು ತಿಳಿಯಲು ವಿಶೇಷ ಕಾರಣವೂ ಉಂಟು. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದ್ದು, ತಂಪು ಹವೆಗೆ ಹೆಸರಾದ ನಮ್ಮ ಊರಿನಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಮಕ್ಕಳ ಉಬ್ಬಸ ಏರುತ್ತಲೇ ಹೋಯಿತು. ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರು ಇಪ್ಪತ್ತು ಸಾವಿರ ಮಕ್ಕಳನ್ನು ಗಮನಿಸಿ ಕೊಟ್ಟ ಲೆಕ್ಕದಂತೆ, ೧೯೭೯ರಲ್ಲಿ ನೂರಕ್ಕೆ ೯ ಮಕ್ಕಳಲ್ಲಿ ಕಂಡ ಉಬ್ಬಸ ೧೯೮೯ರಲ್ಲಿ ೧೮.೫ಕ್ಕೂ, ೧೯೯೯ರಲ್ಲಿ ೨೯.೫ಕ್ಕೂ ಏರಿತ್ತು. ಇದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವೇ ಹೊರತು ಊರಿನ ಎಲ್ಲ ಮಕ್ಕಳದಲ್ಲ. ಆದರೂ ವಾಹನಗಳೂ ಕಾರ್ಖಾನೆಗಳೂ ಹೆಚ್ಚಿದ ಹಾಗೆ ಮಕ್ಕಳ ಎದೆಯಲ್ಲಿ ಸುಯ್ಯೆಂಬ ಸದ್ದೂ ಹೆಚ್ಚಿತೆಂಬುದನ್ನು ಅದು ತೋರಿಸುತ್ತದೆ.

ಇಂಥ ಮಗುವಿನ ತಾಯಿತಂದೆಯರ ಕೈಗೆ ಈಗ ಪ್ರಯೋಗಶಾಲೆಯ ಒಂದು ಕಾಗದ ಬರುವುದುಂಟು. ರಕ್ತದಲ್ಲಿ ಐ.ಜಿ.ಇ. ಎಂಬ ಪ್ರತಿಕಾಯ ಎಷ್ಟಿದೆಯೆಂಬ ಅಂಕಿ ಅದರಲ್ಲಿರುತ್ತದೆ. ಅಂಕಿ ಹೆಚ್ಚಿದ್ದರೆ ಮನೆಯವರ ಎದೆ ಝಲ್ಲೆನ್ನುತ್ತದೆ. ಕಡಿಮೆಯಿದ್ದರೆ, ಹಾಗಾದರೆ ಮಗು ಏದುವುದೇಕೆ ಎಂಬ ಗೊಂದಲ ಹುಟ್ಟುತ್ತದೆ. ದೇಹವು ತೋರುವ ಗುರುತಿಗೂ ದೇಹಕ್ಕಿರುವ ರೋಗಕ್ಕೂ ಇರುವ ನಂಟೇನು? ಐ.ಜಿ.ಇ. ಎಂಬ ಹೆಸರು ಹುಟ್ಟುವುದಕ್ಕೆ ಅರವತ್ತು ವರ್ಷ ಮೊದಲೇ ಪಿರ್ಕೇ ಈ ಪ್ರಶ್ನೆಯನ್ನು ಮಕ್ಕಳ ಹಾಸಿಗೆಯ ಬಳಿ ನಿಂತು ಕೇಳಿದ್ದನು. ಆತನು ಕಂಡ ಉತ್ತರ ಇಂದಿಗೂ ಹಳತಾಗಿಲ್ಲ.

ಪಿರ್ಕೇ ಹುಟ್ಟಿದುದು ೧೮೭೪ರ ಮೇ ೧೨ರಂದು, ವಿಯೆನ್ನಾದ ಹೊರವಲಯದ ಹಿರ್ಷ್‌ಸ್ಟೆಟೆನ್ ಎಂಬಲ್ಲಿ. ಬೆಲ್ಜಿಯಂ ದೇಶದ ಲಿಯೇಜ್ ಕಡೆಯಿಂದ ಬಂದ ಮನೆತನ. ತಂದೆಗೆ ಬ್ಯಾರನ್ ಎಂಬ ಪದವಿ, ಜಮೀನು, ಆಸ್ಟ್ರಿಯದ ಪಾರ್ಲಿಮೆಂಟಿನಲ್ಲಿ ಸ್ಥಾನ. ಕೊರತೆಯೆಂಬುದನ್ನು ಕಾಣದ ಬಾಲ್ಯ. ತಮ್ಮನಾದ ಗೀಡೊ ಮುಂದೆ ಗ್ರಹಗಳ ಕಡೆಗೆ ಹಾರುವ ರಾಕೆಟ್ಟಿನ ದಾರಿಯನ್ನು ಲೆಕ್ಕಹಾಕಿದವರ ಮೊದಲ ಸಾಲಿನಲ್ಲಿ ಸೇರಿದನು. ಲೆಕ್ಕದ ಮೋಹ ಆ ಮನೆಯ ರಕ್ತದಲ್ಲಿಯೇ ಇದ್ದಿತೆನ್ನಬಹುದು.

ಮನೆಯವರು ಹಿಡಿಸಿದ ದಾರಿ ಮಾತ್ರ ವೈದ್ಯಶಾಸ್ತ್ರದ್ದಲ್ಲ. ಹುಡುಗ ಪಾದ್ರಿಯಾಗಬೇಕೆಂದು ಇನ್ಸ್‌ಬ್ರುಕ್ ನಗರದಲ್ಲಿ ದೈವಶಾಸ್ತ್ರಕ್ಕೆ ಸೇರಿದನು. ಬಳಿಕ ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಓದಿದನು. ಎರಡನ್ನೂ ಬಿಟ್ಟು ವೈದ್ಯನಾಗುವೆನೆಂದು ನಿಂತಾಗ ಮನೆಯವರಿಗೆ ಅದು ರುಚಿಸಲಿಲ್ಲ. ದೊಡ್ಡ ಮನೆಯ ಮಗ ರೋಗಿಗಳ ನಾಡಿ ಹಿಡಿಯುವುದು ಆ ಕಾಲದ ಶ್ರೀಮಂತರಿಗೆ ಗೌರವದ ಕೆಲಸವಾಗಿ ತೋರುತ್ತಿರಲಿಲ್ಲ. ಪಿರ್ಕೇ ಹಟ ಬಿಡಲಿಲ್ಲ. ವಿಯೆನ್ನಾ, ಕ್ಯೋನಿಗ್ಸ್‌ಬರ್ಗ್, ಗ್ರಾಟ್ಸ್ ಎಂದು ಮೂರು ಊರುಗಳಲ್ಲಿ ಓದಿ ೧೯೦೦ರಲ್ಲಿ ಗ್ರಾಟ್ಸ್ ನಗರದಲ್ಲಿ ಪದವಿ ಪಡೆದನು. ಧರ್ಮ, ತತ್ತ್ವ, ವೈದ್ಯ ಎಂಬ ಮೂರು ಮೆಟ್ಟಿಲುಗಳನ್ನು ಹತ್ತಿಬಂದವನಿಗೆ ಔಷಧಿ ಕೊಟ್ಟು ಕಳುಹಿಸುವುದರಲ್ಲಿ ತೃಪ್ತಿಯಿರಲಿಲ್ಲ. ರೋಗವೆಂದರೇನೆಂಬುದನ್ನೇ ಆತನು ಕೇಳತೊಡಗಿದನು.

ಅದು ಸೂಜಿಮದ್ದುಗಳ ಮೇಲೆ ಜಗತ್ತು ಭರವಸೆಯಿಟ್ಟ ಕಾಲ. ಆತನು ಇನ್ನೂ ವಿದ್ಯಾರ್ಥಿಯಾಗಿದ್ದಾಗ, ೧೮೯೮ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಿನ ಬೀದಿಗಳನ್ನು ಬಿಟ್ಟು ಜನ ಹೊರಬಿದ್ದರು. ಅಗಲವಾದ ರಸ್ತೆಗಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುದು ಆ ಮಾರಿಯ ಹಿನ್ನೆಲೆಯಲ್ಲಿ. ಅದರ ಹಿಂದಿನ ವರ್ಷವಷ್ಟೇ ಹಾಫ್ಕಿನ್ ಎಂಬ ವಿಜ್ಞಾನಿ ಬೊಂಬಾಯಿಯಲ್ಲಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿದ್ದನು. ಯೂರೋಪಿನಲ್ಲಿ ಮಕ್ಕಳನ್ನು ಬಲಿತೆಗೆದುಕೊಳ್ಳುತ್ತಿದ್ದುದು ಗಂಟಲಮಾರಿ. ಅದಕ್ಕೆ ಬೇರಿಂಗ್ ಮೊದಲಾದವರು ಕುದುರೆಯ ರಕ್ತದಿಂದ ಮದ್ದು ಕಂಡುಹಿಡಿದಿದ್ದರು. ಕುದುರೆಗೆ ರೋಗದ ವಿಷವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಲ್ಲಿ ಪ್ರತಿವಿಷ ಹುಟ್ಟುವಂತೆ ಮಾಡಿ, ಆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು, ಅಂದರೆ ಸೀರಮ್ಮನ್ನು, ಮಗುವಿಗೆ ಕೊಡುವುದು ಆ ಚಿಕಿತ್ಸೆಯ ಕ್ರಮ. ಉಸಿರುಕಟ್ಟಿ ಸಾಯಬೇಕಾಗಿದ್ದ ಮಕ್ಕಳು ಅದರಿಂದ ಎದ್ದು ಕೂತರು.

ವಿಯೆನ್ನಾದ ಸಂತ ಆನಾ ಮಕ್ಕಳ ಆಸ್ಪತ್ರೆಯಲ್ಲಿ ಥಿಯೊಡೋರ್ ಎಷೆರಿಕ್ ಎಂಬ ಹಿರಿಯ ವೈದ್ಯನ ಕೈಕೆಳಗೆ ಪಿರ್ಕೇ ಕೆಲಸಕ್ಕೆ ಸೇರಿದಾಗ ಈ ಸೀರಂ ದಿನನಿತ್ಯದ ಮದ್ದಾಗಿತ್ತು. ಅದರ ಜೊತೆಗೆ ಒಂದು ತೊಡಕೂ ಬಂದಿತ್ತು. ಸೀರಂ ಪಡೆದ ಕೆಲವು ಮಕ್ಕಳಿಗೆ ಎಂಟು ಹತ್ತು ದಿನ ಕಳೆದ ಮೇಲೆ ಜ್ವರ ಬರುತ್ತಿತ್ತು, ಮೈಮೇಲೆ ದದ್ದು ಏಳುತ್ತಿತ್ತು, ಕೀಲುಗಳು ಊದುತ್ತಿದ್ದವು. ಮೂಲರೋಗ ವಾಸಿಯಾದ ಮೇಲೆ ಮದ್ದಿನಿಂದ ಬಂದ ಈ ಕಾಟವನ್ನು ಹೆಚ್ಚಿನ ವೈದ್ಯರು ಸಹಿಸಿಕೊಂಡು ಸುಮ್ಮನಾಗಿದ್ದರು. ಪಿರ್ಕೇ ದಿನಗಳನ್ನು ಎಣಿಸಿದನು. ಹಿಂದೆ ಒಮ್ಮೆ ಸೀರಂ ಪಡೆದಿದ್ದ ಮಗುವಿಗೆ ಮತ್ತೊಮ್ಮೆ ಕೊಟ್ಟಾಗ ಎಂಟು ದಿನ ಕಾಯಬೇಕಾಗಲಿಲ್ಲ. ಅದೇ ದಿನ ಜ್ವರವೂ ದದ್ದೂ ಕಾಣಿಸಿಕೊಂಡವು. ಮದ್ದು ಅದೇ, ಮಗು ಅದೇ. ಬದಲಾದದ್ದು ಮಗುವಿನ ಮೈ.

ಈ ಚಿಕ್ಕ ಸಂಗತಿಯಿಂದ ಆತನು ತೆಗೆದ ತೀರ್ಮಾನ ದೊಡ್ಡದು. ರೋಗಾಣು ಮೈಯನ್ನು ಹೊಕ್ಕ ದಿನಕ್ಕೂ ರೋಗ ತೋರುವ ದಿನಕ್ಕೂ ನಡುವೆ ಕೆಲವು ದಿನಗಳ ಅಂತರವಿರುತ್ತದೆ. ರೋಗಾಣು ಒಳಗೆ ಹೆಚ್ಚುವುದಕ್ಕೆ ಬೇಕಾದ ಕಾಲವೇ ಆ ಅಂತರವೆಂದು ಆಗಿನ ಪಂಡಿತರು ನಂಬಿದ್ದರು. ಆದರೆ ಕುದುರೆಯ ಸೀರಮ್ಮಿನಲ್ಲಿ ಹೆಚ್ಚತಕ್ಕ ಜೀವಾಣುವೇ ಇಲ್ಲ. ಆದರೂ ಅಲ್ಲಿ ಅದೇ ಅಂತರ ಕಾಣುತ್ತದೆ. ಹಾಗಿದ್ದರೆ ಆ ದಿನಗಳು ಹೊರಗಿನಿಂದ ಬಂದ ವಸ್ತುವಿನವಲ್ಲ, ಮೈಯವು. ಮೈ ತನ್ನ ಪ್ರತಿಕಾಯಗಳನ್ನು ಸಿದ್ಧಮಾಡಿಕೊಳ್ಳುವುದಕ್ಕೆ ತೆಗೆದುಕೊಳ್ಳುವ ಕಾಲ ಅದು. ಒಮ್ಮೆ ಪಾಠ ಕಲಿತ ಮೈ ಎರಡನೆಯ ಸಲ ಬೇಗನೆ ಉತ್ತರ ಕೊಡುತ್ತದೆ. ಜ್ವರವೂ ದದ್ದೂ ಪರವಸ್ತುವಿನ ನೇರ ಕೃತ್ಯಗಳಲ್ಲ. ಆ ವಸ್ತುವೂ ಪ್ರತಿಕಾಯವೂ ಸಂಧಿಸಿದಾಗ ಏಳುವ ಕೋಲಾಹಲ. ೧೯೦೩ರಲ್ಲಿ ಇಪ್ಪತ್ತೊಂಬತ್ತು ತುಂಬದ ತರುಣ ಈ ವಿಚಾರವನ್ನು ಬರೆದು, ಮೊಹರು ಮಾಡಿ, ವಿಯೆನ್ನಾದ ವಿಜ್ಞಾನ ಅಕಾಡೆಮಿಯಲ್ಲಿ ಠೇವಣಿಯಿಟ್ಟನು. ಆಧಾರ ಗಟ್ಟಿಯಾಗುವ ತನಕ ಬಾಯಿಬಿಡುವ ಮನಸ್ಸಿರಲಿಲ್ಲ; ಹೊಳೆದ ಹೊತ್ತನ್ನು ಕಳೆದುಕೊಳ್ಳುವ ಮನಸ್ಸೂ ಇರಲಿಲ್ಲ.

ಸಾಕ್ಷಿಗಾಗಿ ಬಹು ದೂರ ಹೋಗಬೇಕಾಗಲಿಲ್ಲ. ಸಿಡುಬಿನ ದಾಕು ಹಾಕಿದ ತೋಳಿನಲ್ಲಿಯೇ ಅದಿತ್ತು. ಹಳೆಯ ತಲೆಮಾರಿನ ಬೆಂಗಳೂರಿಗರ ತೋಳಿನ ಮೇಲೂ ಆ ಗುರುತುಗಳು ಇದ್ದವು. ಮೊದಲ ಸಲ ದಾಕು ಹಾಕಿಸಿಕೊಂಡ ಮಗುವಿನ ತೋಳು ಮೂರು ನಾಲ್ಕು ದಿನ ಸುಮ್ಮನಿದ್ದು, ಆಮೇಲೆ ನಿಧಾನವಾಗಿ ಗುಳ್ಳೆ ಎದ್ದು ಕೆರಳುತ್ತದೆ. ಎರಡನೆಯ ಸಲವಾದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ತೋಳು ಉತ್ತರ ಕೊಡುತ್ತದೆ. ಪಿರ್ಕೇ ಅದನ್ನು ದಿನದಿನವೂ ಅಳೆದು ಬರೆದಿಟ್ಟನು. ಸಹೋದ್ಯೋಗಿ ಬೇಲಾ ಶಿಕ್ ಜೊತೆಗೂಡಿ ೧೯೦೫ರಲ್ಲಿ ಸೀರಂ ರೋಗವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಈ ಶಿಕ್ಕನೇ ಮುಂದೆ ಗಂಟಲಮಾರಿಯ ಚರ್ಮಪರೀಕ್ಷೆಯಿಂದ ಹೆಸರಾದವನು.

ಮರುವರ್ಷ, ೧೯೦೬ರ ಜುಲೈ ತಿಂಗಳಲ್ಲಿ, ಮ್ಯೂನಿಕ್ ನಗರದ ವೈದ್ಯಪತ್ರಿಕೆಯೊಂದರಲ್ಲಿ ಪಿರ್ಕೇಯ ಚಿಕ್ಕ ಲೇಖನವೊಂದು ಅಚ್ಚಾಯಿತು. ಅಲರ್ಜಿ ಎಂಬ ಮಾತು ಲೋಕಕ್ಕೆ ಬಂದುದು ಅದರಲ್ಲಿ. ಗ್ರೀಕ್ ಭಾಷೆಯಲ್ಲಿ ಬೇರೆ ಎಂಬರ್ಥದ ಒಂದು ಪದ, ಕ್ರಿಯೆ ಎಂಬರ್ಥದ ಇನ್ನೊಂದು. ಎರಡನ್ನೂ ಬೆಸೆದು, ಬದಲಾದ ಮೈಯ ಬದಲಾದ ಪ್ರತಿಕ್ರಿಯೆ ಎಂಬ ಭಾವವನ್ನು ಆತನು ಹಿಡಿದಿಟ್ಟನು. ಹಾಗೆ ಬದಲಿಸತಕ್ಕ ವಸ್ತುವಿಗೆ ಅಲರ್ಜನ್ ಎಂದು ಹೆಸರಿಟ್ಟನು. ಸೊಳ್ಳೆಯ ಕಡಿತ, ಜೇನಿನ ಕುಟುಕು, ಹೂವಿನ ಪರಾಗದಿಂದ ಬರುವ ಸೀನು ನೆಗಡಿ, ಏಡಿ ತಿಂದವರಿಗೆ ಏಳುವ ಗಂಧೆ ಎಲ್ಲವನ್ನೂ ಒಂದೇ ಸೂರಿನಡಿ ತಂದನು.

ಈ ಮಾತಿನ ಅಗತ್ಯವೇನಿತ್ತು ಎಂದು ಆಗ ಹಲವರು ಮೂಗುಮುರಿದರು. ಅಗತ್ಯವಿತ್ತು. ರೋಗನಿರೋಧವೆಂದರೆ ಕಾಪಾಡುವ ಶಕ್ತಿ ಮಾತ್ರವೆಂದು ಎಲ್ಲರೂ ನಂಬಿದ್ದ ದಿನಗಳವು. ಫ್ರಾನ್ಸಿನ ರಿಶೆ ಮತ್ತು ಪೋರ್ಟಿಯೇ ಎಂಬ ವಿಜ್ಞಾನಿಗಳು ೧೯೦೨ರಲ್ಲಿಯೇ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಕಡಲಜೀವಿಯೊಂದರ ವಿಷವನ್ನು ಎರಡನೆಯ ಸಲ ಅತ್ಯಲ್ಪವಾಗಿ ಕೊಟ್ಟರೂ ನಾಯಿ ಕೆಲವೇ ನಿಮಿಷಗಳಲ್ಲಿ ಸಾಯಬಹುದೆಂದು ಕಂಡಿದ್ದರು. ಅದನ್ನು ರಕ್ಷಣೆಗೆ ವಿರುದ್ಧವಾದ ಸ್ಥಿತಿಯೆಂದು ಅವರು ತಿಳಿದರು. ರಕ್ಷಣೆಯೂ ಹಾನಿಯೂ ಪರಸ್ಪರ ವಿರುದ್ಧವಲ್ಲ, ಒಂದೇ ಶಕ್ತಿಯ ಎರಡು ಮುಖಗಳು ಎಂದವನು ಪಿರ್ಕೇ. ಮನೆ ಕಾಯಲು ಕಟ್ಟಿದ ನಾಯಿ ಕಳ್ಳನನ್ನೂ ಕಚ್ಚೀತು, ಹಾಲು ತಂದವನನ್ನೂ ಕಚ್ಚೀತು. ಎರಡೂ ಕಡೆ ಹಲ್ಲು ಒಂದೇ.

೧೯೦೭ರಲ್ಲಿ ಆತನ ಕೀರ್ತಿ ಯೂರೋಪಿನಲ್ಲೆಲ್ಲ ಹರಡಿತು. ಕ್ಷಯದ ರೋಗಾಣುವನ್ನು ಕಂಡುಹಿಡಿದ ರಾಬರ್ಟ್ ಕಾಕ್ ಅದರಿಂದ ಟ್ಯೂಬರ್‌ಕ್ಯುಲಿನ್ ಎಂಬ ದ್ರವವನ್ನು ತಯಾರಿಸಿ ಮದ್ದೆಂದು ಸಾರಿದ್ದನು. ಮದ್ದಾಗಿ ಅದು ಸೋತಿತ್ತು. ಪಿರ್ಕೇ ಅದರ ಹನಿಯನ್ನು ಮಗುವಿನ ಮುಂಗೈ ಮೇಲೆ ಇಟ್ಟು ಚರ್ಮವನ್ನು ತುಸು ಕೆರೆದನು. ಕ್ಷಯದ ಅಣು ಎಂದಾದರೂ ಮೈಯನ್ನು ಹೊಕ್ಕಿದ್ದರೆ, ಒಂದೆರಡು ದಿನಗಳಲ್ಲಿ ಅಲ್ಲಿ ಕೆಂಪಾದ ಗಂಟು ಎದ್ದಿತು. ಹೊಕ್ಕಿರದಿದ್ದರೆ ಚರ್ಮ ಸುಮ್ಮನಿದ್ದಿತು. ಒಂದು ಹನಿ, ಒಂದು ಗೀರು. ಅಷ್ಟರಿಂದ ಮೈಯ ಹಿಂದಿನ ಚರಿತ್ರೆಯನ್ನು ಓದುವ ಉಪಾಯ ವೈದ್ಯರ ಕೈಗೆ ಬಂದಿತು.

ಪಿರ್ಕೇಯ ದೊಡ್ಡತನ ಕಾಣುವುದು ಇದರ ಮುಂದಿನ ಹೆಜ್ಜೆಯಲ್ಲಿ. ತನ್ನ ಪರೀಕ್ಷೆಯನ್ನು ಆತನು ತಾನೇ ಶಂಕಿಸಿ ನೋಡಿದನು. ವಿಯೆನ್ನಾದ ಬಡವರ ಮಕ್ಕಳಲ್ಲಿ ವಯಸ್ಸು ಏರಿದ ಹಾಗೆ ಗಂಟು ಏಳುವವರ ಸಂಖ್ಯೆಯೂ ಏರುತ್ತಿತ್ತು. ಅವರಲ್ಲಿ ಬಹು ಮಂದಿ ಆಡಿಕೊಂಡು ಗಟ್ಟಿಮುಟ್ಟಾಗಿದ್ದ ಮಕ್ಕಳು. ಹಾಗಾದರೆ ಗುರುತು ಹೇಳುವುದು ಮೈಗೆ ಶತ್ರುವಿನ ಪರಿಚಯವಾಗಿದೆ ಎಂಬುದನ್ನು ಮಾತ್ರ. ಯುದ್ಧ ನಡೆಯುತ್ತಿದೆ ಎಂಬುದನ್ನಲ್ಲ. ಎಳೆಯ ಕೂಸಿನಲ್ಲಿ ಕಂಡರೆ ಅದರ ಅರ್ಥ ಗಂಭೀರ. ದೊಡ್ಡವರಲ್ಲಿ ಕಂಡರೆ ಅಷ್ಟಲ್ಲ. ಮರುವರ್ಷ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದಿತು. ಗಂಟು ಏಳುತ್ತಿದ್ದ ಮಗುವಿಗೆ ದಡಾರ ಬಂದರೆ ಆ ದಿನಗಳಲ್ಲಿ ಗುರುತು ಮಾಯವಾಗುತ್ತಿತ್ತು, ಕ್ಷಯ ಒಳಗೇ ಇದ್ದರೂ. ಗುರುತು ಇದ್ದು ರೋಗವಿಲ್ಲದಿರಬಹುದು. ರೋಗವಿದ್ದು ಗುರುತು ಇಲ್ಲದಿರಬಹುದು. ಮಗುವಿನ ವಯಸ್ಸು, ಅದರ ಮನೆ, ಅದು ಹಿಂದೆ ಪಟ್ಟ ಕಾಯಿಲೆ ಇವನ್ನು ತಿಳಿಯದೆ ಗುರುತನ್ನು ಓದಬಾರದು. ಈ ಎಚ್ಚರ ಪಿರ್ಕೇಯಿಂದ ವೈದ್ಯಲೋಕಕ್ಕೆ ಬಂದ ಕಾಣಿಕೆ. ಟ್ಯೂಬರ್‌ಕ್ಯುಲಿನ್ ಪರೀಕ್ಷೆಗಿಂತ ಅದು ಕಡಿಮೆಯದಲ್ಲ.

ಕೀರ್ತಿಯ ಜೊತೆಗೆ ಕರೆಗಳು ಬಂದವು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯ ಆತನನ್ನು ಮಕ್ಕಳ ವೈದ್ಯದ ಪ್ರಾಧ್ಯಾಪಕನನ್ನಾಗಿ ಮಾಡಿಕೊಂಡಿತು. ಅಲ್ಲಿ ಹೆಚ್ಚು ದಿನ ನಿಲ್ಲದೆ ೧೯೧೦ರಲ್ಲಿ ಜರ್ಮನಿಯ ಬ್ರೆಸ್ಲಾವಿಗೆ ಬಂದನು. ೧೯೧೧ರಲ್ಲಿ ಗುರುವಾದ ಎಷೆರಿಕ್ ತೀರಿಕೊಂಡಾಗ, ವಿಯೆನ್ನಾ ಆತನ ಪೀಠಕ್ಕೆ ಶಿಷ್ಯನನ್ನು ಕರೆಯಿತು. ಆಮೇಲೆ ಪಿರ್ಕೇ ಆ ಊರನ್ನು ಬಿಡಲಿಲ್ಲ.

ಮೊದಲನೆಯ ಮಹಾಯುದ್ಧ ಆತನ ಕೆಲಸದ ದಿಕ್ಕನ್ನು ತಿರುಗಿಸಿತು. ಸಾಮ್ರಾಜ್ಯ ಒಡೆದು, ಧಾನ್ಯ ಬರುತ್ತಿದ್ದ ಸೀಮೆಗಳು ಕೈತಪ್ಪಿ, ವಿಯೆನ್ನಾದ ಮಕ್ಕಳು ಹಸಿವಿನಿಂದ ಬಾಡಿಹೋದರು. ಚರ್ಮದ ಮೇಲಿನ ಗಂಟನ್ನು ಅಳೆಯುತ್ತಿದ್ದವನು ಈಗ ಹಸಿವನ್ನು ಅಳೆಯತೊಡಗಿದನು. ಎಲ್ಲರಿಗೂ ತಿಳಿಯುವ ಅಳತೆ ಬೇಕೆಂದು ಹಾಲನ್ನು ಆರಿಸಿಕೊಂಡನು. ಒಂದು ಗ್ರಾಂ ಹಾಲಿನಲ್ಲಿರುವ ಪೋಷಣೆಗೆ ನೆಮ್ ಎಂದು ಹೆಸರು. ಅನ್ನ, ಬೆಣ್ಣೆ, ಸಕ್ಕರೆ, ಮಾಂಸ ಎಲ್ಲಕ್ಕೂ ಆ ಹಾಲಿನ ಲೆಕ್ಕದಲ್ಲಿ ಬೆಲೆ. ಮಗು ಕೂತಾಗ ಎಷ್ಟು ಎತ್ತರ, ಅದರ ತೂಕ ಎಷ್ಟು ಎಂಬೆರಡನ್ನು ಸೂತ್ರವೊಂದರಲ್ಲಿ ಬೆಸೆದು, ಯಾರಿಗೆ ಎಷ್ಟು ಉಣಿಸಬೇಕೆಂದು ತೀರ್ಮಾನಿಸುವ ಕ್ರಮವನ್ನು ಕಟ್ಟಿದನು. ೧೯೧೯ರಿಂದ ಅಮೆರಿಕದ ಹೂವರ್ ನಡೆಸಿದ ಪರಿಹಾರ ಸಂಸ್ಥೆಯ ಮಕ್ಕಳ ಊಟದ ಕೆಲಸ ಆಸ್ಟ್ರಿಯದಲ್ಲಿ ಪಿರ್ಕೇಯ ಮುಂದಾಳುತನದಲ್ಲಿ, ಈ ಲೆಕ್ಕದ ಮೇಲೆ ನಡೆಯಿತು. ಲಕ್ಷಾಂತರ ಮಕ್ಕಳು ಆ ಅಡಿಗೆಮನೆಗಳಲ್ಲಿ ಉಂಡರು. ದೊಡ್ಡ ಮನೆಯಲ್ಲಿ ಹುಟ್ಟಿ ಹಸಿವನ್ನೇ ಅರಿಯದಿದ್ದವನು ಬಡಮಕ್ಕಳ ತಟ್ಟೆಯ ಮುಂದೆ ನಿಂತು ಗ್ರಾಮಿನ ಲೆಕ್ಕ ಹಾಕಿದನೆಂಬುದು ಆತನ ಬಾಳಿನ ಸುಂದರವಾದ ಪುಟ.

ಆದರೆ ಲೆಕ್ಕಕ್ಕೂ ಒಂದು ಮೋಹವುಂಟು. ಪಿರ್ಕೇ ವರ್ಷಗಳು ಕಳೆದಂತೆ ಎಲ್ಲವನ್ನೂ ಸೂತ್ರಕ್ಕೆ ತರುವ ಹಂಬಲಕ್ಕೆ ಒಳಗಾದನು. ಆತನು ಕಟ್ಟಿದ ವಿಚಿತ್ರವಾದ ಹೊಸ ಪದಗಳನ್ನು ಕಂಡು ಇತರ ವೈದ್ಯರು ಬೇಸತ್ತರು. ಹಾಲಿನ ಅಳತೆ ಆತನೊಂದಿಗೇ ಹೆಚ್ಚುಕಡಿಮೆ ಮರೆಯಾಯಿತು. ಲೋಕ ಕ್ಯಾಲೊರಿಯನ್ನೇ ಉಳಿಸಿಕೊಂಡಿತು. ಗುರುತನ್ನು ಮಗುವಿನಿಂದ ಬೇರ್ಪಡಿಸಿ ಓದಬಾರದೆಂದು ತರುಣನಾಗಿದ್ದಾಗ ಕಂಡುಕೊಂಡವನು, ನಡುವಯಸ್ಸಿನಲ್ಲಿ ಅಂಕಿಗಳ ಸೊಬಗಿಗೆ ಒಮ್ಮೊಮ್ಮೆ ಮನಸೋತನೆಂದರೆ ಆತನನ್ನು ಹಳಿದಂತಾಗದು. ನಿಜಕ್ಕೆ ಹತ್ತಿರವಾದ ಅಳತೆ ದೊರೆತವರಿಗೆಲ್ಲ ಕಾದಿರುವ ಅಪಾಯ ಅದು.

ಹೊರಗಿನ ಗೌರವ ಕಡಿಮೆಯಾಗಲಿಲ್ಲ. ನೊಬೆಲ್ ಬಹುಮಾನಕ್ಕೆ ಹೆಸರು ಹಲವು ಸಲ ಹೋಯಿತು; ಬಹುಮಾನ ಮಾತ್ರ ಬರಲಿಲ್ಲ. ೧೯೨೮ರಲ್ಲಿ ಆಸ್ಟ್ರಿಯದ ಅಧ್ಯಕ್ಷಪದವಿಗೆ ಕೂಡ ಆತನ ಹೆಸರು ಕೇಳಿಬಂದಿತು. ಮನೆಯೊಳಗಿನ ಬಾಳು ಬೇರೆಯಾಗಿತ್ತು. ಮಡದಿ ಮರಿಯಾ ಬಹುಕಾಲ ಕಾಯಿಲೆಯಲ್ಲಿ ನರಳುತ್ತಿದ್ದಳು, ಮನೆತನ ಆ ಮದುವೆಯನ್ನು ಮನಸಾರೆ ಒಪ್ಪಿರಲಿಲ್ಲ, ಮಕ್ಕಳಿರಲಿಲ್ಲ. ನಾಡಿನ ಮಕ್ಕಳಿಗೆಲ್ಲ ಉಣಿಸಿದವನ ಮನೆಯಲ್ಲಿ ಮಗುವಿನ ಸದ್ದಿರಲಿಲ್ಲ. ೧೯೨೯ರ ಫೆಬ್ರವರಿ ೨೮ರಂದು ಗಂಡಹೆಂಡಿರಿಬ್ಬರೂ ತಾವಾಗಿಯೇ ಪ್ರಾಣ ನೀಗಿದರು. ಆತನಿಗೆ ಆಗ ಐವತ್ತನಾಲ್ಕು ವರ್ಷ. ಸಾವಿರಾರು ಮಕ್ಕಳ ಮೈಯ ಮರುನುಡಿಯನ್ನು ಕೇಳಿಸಿಕೊಂಡವನ ಒಳಗಿನ ನೋವನ್ನು ಕೇಳಿಸಿಕೊಳ್ಳಲು ಯಾರೂ ಇರಲಿಲ್ಲವೋ, ಆತನೇ ಯಾರಿಗೂ ಕೇಳಿಸಗೊಡಲಿಲ್ಲವೋ, ವಿಯೆನ್ನಾ ನಗರ ಬೆರಗಾಗಿ ನಿಂತಿತು.

ಪಿರ್ಕೇ ಊಹಿಸಿದ ಪ್ರತಿಕಾಯದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆತನು ಒಂದು ವರ್ಷ ಪಾಠ ಹೇಳಿದ್ದ ಬ್ರೆಸ್ಲಾವಿನಲ್ಲಿಯೇ ೧೯೨೧ರಲ್ಲಿ ಒಂದು ಸೊಗಸಾದ ಪ್ರಯೋಗ ನಡೆಯಿತು. ಕ್ಯುಸ್ಟ್‌ನರ್ ಎಂಬ ವೈದ್ಯನಿಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ಆತನ ರಕ್ತದ ಸೀರಮ್ಮನ್ನು ಪ್ರಾಸ್‌ನಿಟ್ಸ್ ಎಂಬ ಇನ್ನೊಬ್ಬ ವೈದ್ಯನು ತನ್ನ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿಕೊಂಡನು. ಆ ಜಾಗ ಊದಿ ಕೆಂಪಾಯಿತು. ಒಗ್ಗದಿಕೆಯ ಗುಟ್ಟು ರಕ್ತದಲ್ಲಿಯೇ ಇದೆ, ಒಬ್ಬನಿಂದ ಇನ್ನೊಬ್ಬನಿಗೆ ಸಾಗಿಸಬಹುದಾದ ವಸ್ತು ಅದು ಎಂಬುದು ಖಚಿತವಾಯಿತು. ಆ ವಸ್ತುವನ್ನು ಬೇರ್ಪಡಿಸಿ ಹಿಡಿಯುವುದಕ್ಕೆ ಮತ್ತೆ ನಲವತ್ತೈದು ವರ್ಷ ಬೇಕಾಯಿತು.

೧೯೬೬ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಕಿಮಿಶಿಗೆ ಇಶಿಜಾಕಾ ಮತ್ತು ತೆರುಕೊ ಇಶಿಜಾಕಾ ಎಂಬ ಜಪಾನಿ ದಂಪತಿಗಳು ಅದನ್ನು ಹಿಡಿದರು. ರ್‍ಯಾಗ್‌ವೀಡ್ ಎಂಬ ಕಳೆಯ ಪರಾಗ ಒಗ್ಗದವರ ರಕ್ತದಲ್ಲಿ ಅವರು ಹುಡುಕಿದ್ದರು. ಬೆಂಗಳೂರಿನ ಖಾಲಿ ನಿವೇಶನಗಳಲ್ಲಿ ಹಬ್ಬಿದ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಹುಲ್ಲು, ಆ ಕಳೆಯ ಸಮೀಪದ ನಂಟ. ಅದರ ಪರಾಗವೂ ಮೂಗಿಗೆ, ಚರ್ಮಕ್ಕೆ ಅಂಥದೇ ಉಪದ್ರವ ಕೊಡುತ್ತದೆ. ಮರುವರ್ಷ ಸ್ವೀಡನ್ನಿನ ಉಪ್ಸಾಲಾದಲ್ಲಿ ಯೋಹಾನ್ಸನ್ ಮತ್ತು ಬೆನಿಕ್ ಎಂಬವರು ರಕ್ತದ ಅರ್ಬುದರೋಗಿಯೊಬ್ಬನಲ್ಲಿ ಅದೇ ಬಗೆಯ ಪ್ರೋಟೀನು ಹೇರಳವಾಗಿರುವುದನ್ನು ಕಂಡು, ಅದರ ಸಹಾಯದಿಂದ ಸಾಮಾನ್ಯ ಜನರ ರಕ್ತದಲ್ಲಿ ಅದು ಎಷ್ಟಿದೆಯೆಂದು ಅಳೆಯುವ ದಾರಿ ತೆರೆದರು. ಉಬ್ಬಸದವರ ರಕ್ತದಲ್ಲಿ ಅದರ ಮಟ್ಟ ಏರಿರುತ್ತದೆಂದು ಯೋಹಾನ್ಸನ್ ೧೯೬೭ರಲ್ಲಿಯೇ ತೋರಿಸಿದನು. ೧೯೬೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಇಮ್ಯುನೋಗ್ಲಾಬ್ಯುಲಿನ್ ಇ ಎಂಬ ಹೆಸರನ್ನು ಒಪ್ಪಿತು. ಅದೇ ಇಂದಿನ ಐ.ಜಿ.ಇ. ಅದನ್ನು ಅಳೆಯುವ ಒಂದು ಯೂನಿಟ್ ಎಂದರೆ ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ೨.೪ ಪಾಲು ಮಾತ್ರ.

ಇಷ್ಟು ಅಲ್ಪವಾದದ್ದು ಮಾಡುವ ಕೆಲಸ ಅಲ್ಪವಲ್ಲ. ಶ್ವಾಸನಾಳದ ಒಳಪದರದಲ್ಲಿ ಕಾದು ಕುಳಿತ ಮಾಸ್ಟ್ ಎಂಬ ಜೀವಕಣಗಳ ಮೇಲೆ ಐ.ಜಿ.ಇ. ಹತ್ತಿಕೊಂಡಿರುತ್ತದೆ. ಗೊತ್ತಾದ ಪರಾಗವೋ, ಮನೆಯ ದೂಳಿನ ನುಸಿಯ ಕಣವೋ ಬಂದು ತಗುಲಿದರೆ ಆ ಕಣಗಳು ಹಿಸ್ಟಮಿನ್ ಮೊದಲಾದ ರಸಗಳನ್ನು ಚೆಲ್ಲುತ್ತವೆ. ನಾಳ ಬಿಗಿಯುತ್ತದೆ, ಒಳಗೆ ಊದಿಕೊಳ್ಳುತ್ತದೆ, ಕಫ ತುಂಬುತ್ತದೆ. ಒಳಗೆ ಹೋದ ಉಸಿರು ಹೊರಗೆ ಬರಲು ಒದ್ದಾಡುತ್ತದೆ. ಉಬ್ಬಸವು ಇಂಥದೊಂದು ಅತಿಪ್ರತಿಕ್ರಿಯೆ ಎಂದು ಮೆಲ್ಟ್‌ಸರ್ ಎಂಬ ವಿಜ್ಞಾನಿ ೧೯೧೦ರಲ್ಲಿ ಊಹಿಸಿದ್ದುದಕ್ಕೆ ಹೀಗೆ ಆಧಾರ ದೊರೆಯಿತು.

ಅಂಕಿಗೂ ಉಬ್ಬಸಕ್ಕೂ ಇರುವ ನಂಟು ಎಷ್ಟು ಬಲವಾದುದೆಂಬುದನ್ನು ೧೯೮೯ರಲ್ಲಿ ಬರೋಸ್ ಮತ್ತು ಸಂಗಡಿಗರು ಅಮೆರಿಕದ ಟೂಸಾನಿನಲ್ಲಿ ೨,೬೫೭ ಮಂದಿಯನ್ನು ಪರೀಕ್ಷಿಸಿ ತೋರಿಸಿದರು. ವಯಸ್ಸಿಗೂ ಲಿಂಗಕ್ಕೂ ತಕ್ಕಂತೆ ಹೊಂದ��ಸಿ ನೋಡಿದಾಗ, ಐ.ಜಿ.ಇ. ಏರಿದ ಹಾಗೆ ಉಬ್ಬಸವೂ ಏರುತ್ತಿತ್ತು; ತೀರ ಕೆಳಗಿನ ಮಟ್ಟದವರಲ್ಲಿ ಅದು ಕಾಣಲೇ ಇಲ್ಲ. ಚರ್ಮಪರೀಕ್ಷೆಯಲ್ಲಿ ಯಾವ ಗುರುತೂ ತೋರದವರಲ್ಲಿ ಕೂಡ ಈ ನಂಟು ಉಳಿಯಿತು. ಎರಡು ವರ್ಷಗಳ ಬಳಿಕ ನ್ಯೂಜಿಲೆಂಡಿನಲ್ಲಿ ಹನ್ನೊಂದು ವರ್ಷದ ಮಕ್ಕಳನ್ನು ನೋಡಿದಾಗ, ಉಬ್ಬಸದ ಲಕ್ಷಣವೇ ಇಲ್ಲದ ಮಕ್ಕಳಲ್ಲಿಯೂ ಈ ಪ್ರತಿಕಾಯ ಹೆಚ್ಚಿದಂತೆ ಶ್ವಾಸನಾಳದ ಕೆರಳುವ ಗುಣ ಹೆಚ್ಚಿತ್ತು.

ಹಾಗೆಂದು ಅಂಕಿಯೇ ರೋಗವೆಂದು ತಿಳಿಯುವುದು ಪಿರ್ಕೇ ಬೇಡವೆಂದ ತಪ್ಪಿಗೆ ಬಿದ್ದಂತೆ. ಟೂಸಾನಿನದು ಸಾವಿರಾರು ಜನರ ಲೆಕ್ಕ; ಒಂದು ಮಗುವಿನ ಭವಿಷ್ಯವಲ್ಲ. ಐ.ಜಿ.ಇ. ಹುಟ್ಟುಗೂಸಿನಲ್ಲಿ ಬಹು ಕಡಿಮೆ. ಬಾಲ್ಯವೆಲ್ಲ ಏರಿ ಆಮೇಲೆ ಇಳಿಯುತ್ತದೆ. ಆದ್ದರಿಂದ ಆರು ವರ್ಷದವನ ಅಂಕಿಯನ್ನು ಅರವತ್ತು ವರ್ಷದವನ ಅಂಕಿಯ ಪಕ್ಕದಲ್ಲಿ ಇಡಲಾಗದು. ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಅದು ಏರುತ್ತದೆ. ನಮ್ಮಂಥ ದೇಶಗಳಲ್ಲಿ ಇದನ್ನು ಮರೆಯಬಾರದು. ಹೊಗೆಬತ್ತಿ ಸೇದುವವರಲ್ಲಿಯೂ, ಇಸುಬಿನಂಥ ಚರ್ಮರೋಗದವರಲ್ಲಿಯೂ ಏರುತ್ತದೆ. ಅಂಕಿ ಎತ್ತರವಾಗಿದ್ದು ಒಂದು ದಿನವೂ ಏದದವರುಂಟು. ಅಂಕಿ ಸಾಧಾರಣವಾಗಿದ್ದು ನಡುರಾತ್ರಿಯಲ್ಲಿ ಎದ್ದು ಕೂತು ಉಸಿರಿಗೆ ಹಂಬಲಿಸುವವರೂ ಉಂಟು. ಉಬ್ಬಸವನ್ನು ನಿಶ್ಚಯಿಸುವುದು ಎದೆಯ ಸದ್ದು, ಉಸಿರಿನ ಬಲದ ಅಳತೆ, ಕಾಯಿಲೆಯ ಪೂರ್ವಚರಿತ್ರೆ ಇವೆಲ್ಲ ಕೂಡಿ. ರಕ್ತದ ಅಂಕಿ ಅವುಗಳ ಜೊತೆಗೆ ನಿಲ್ಲುವ ಒಂದು ಸಾಕ್ಷಿ.

ಆ ಸಾಕ್ಷಿಗೆ ಬೆಲೆಯಿಲ್ಲವೆಂದಲ್ಲ. ೨೦೦೩ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಮಾಲಿಜುಮಾಬ್ ಎಂಬ ಮದ್ದು ರಕ್ತದಲ್ಲಿ ಅಲೆಯುವ ಐ.ಜಿ.ಇ.ಯನ್ನೇ ಹಿಡಿದು ಕಟ್ಟಿಹಾಕುತ್ತದೆ. ಸಾಮಾನ್ಯ ಮದ್ದಿಗೆ ಬಗ್ಗದ ಅಲರ್ಜಿಯ ಉಬ್ಬಸದವರಿಗೆ ಅದರಿಂದ ನೆಮ್ಮದಿ ದೊರೆತಿದೆ. ಅದನ್ನು ಎಷ್ಟು ಕೊಡಬೇಕೆಂಬುದನ್ನು ಗೊತ್ತುಮಾಡುವುದು ಎರಡು ಅಂಕಿಗಳಿಂದ: ರಕ್ತದ ಐ.ಜಿ.ಇ. ಮಟ್ಟ ಮತ್ತು ರೋಗಿಯ ಮೈತೂಕ. ಪ್ರತಿಕಾಯವನ್ನು ಊಹಿಸಿದ ಪಿರ್ಕೇ, ಹಸಿದ ಮಕ್ಕಳನ್ನು ತೂಗಿದ ಪಿರ್ಕೇ, ಇಬ್ಬರೂ ಆ ಪಟ್ಟಿಯಲ್ಲಿ ಸಂಧಿಸಿದ್ದಾರೆ ಎಂದು ತೋರುತ್ತದೆ.

ಅಲರ್ಜಿ ಎಂಬ ಮಾತಿನ ಅರ್ಥ ಈ ನಡುವೆ ಕಿರಿದಾಗಿದೆ. ಮೈಗೆ ಆಗದಿರುವುದನ್ನು ಮಾತ್ರ ನಾವು ಅದರಿಂದ ಸೂಚಿಸುತ್ತೇವೆ. ಪಿರ್ಕೇ ಇಟ್ಟ ಅರ್ಥ ವಿಶಾಲವಾದುದು. ಲೋಕವನ್ನು ಒಮ್ಮೆ ಮುಟ್ಟಿದ ಮೈ ಮೊದಲಿನ ಮೈಯಾಗಿ ಉಳಿಯುವುದಿಲ್ಲ, ಮುಟ್ಟಿದುದನ್ನು ನೆನಪಿಟ್ಟುಕೊಳ್ಳುತ್ತದೆ, ಆ ನೆನಪೇ ಒಮ್ಮೆ ಕವಚ, ಒಮ್ಮೆ ಗಾಯ. ರಕ್ತದ ತೊಟ್ಟಿನಲ್ಲಿ ನಾವು ಅಳೆಯುವುದು ಆ ನೆನಪಿನ ಒಂದು ಅಂಶವನ್ನು. ಉಳಿದುದನ್ನು ಮಗುವಿನಿಂದಲೇ ಕೇಳಿ ತಿಳಿಯಬೇಕು.